ಐವತ್ತು ದಾಟಿದ ಕಿವಿಯಲ್ಲಿ ಉದುರುವ ಕಲ್ಲು

ಬೆಳಗಿನ ಜಾವ ಐದು ಗಂಟೆ. ದೊಡ್ಡಮ್ಮ ಎಂದಿನಂತೆ ಬಲಮಗ್ಗುಲಿಗೆ ಹೊರಳಿ ಏಳಲು ಹೋದರು. ಅಷ್ಟೇ! ಫ್ಯಾನು, ಗೋಡೆಯ ಕ್ಯಾಲೆಂಡರು, ಕಿಟಕಿಯಾಚೆಯ ತೆಂಗಿನಮರ ಎಲ್ಲವೂ ಒಟ್ಟಿಗೆ ಗಿರ್ರನೆ ತಿರುಗತೊಡಗಿದವು. ಮಂಚವೇ ಮಗುಚಿಕೊಂಡಂತಾಗಿ ಎರಡೂ ಕೈಯಲ್ಲಿ ಹಾಸಿಗೆಯ ಅಂಚು ಹಿಡಿದುಕೊಂಡು "ಕೃಷ್ಣಾ, ಕೃಷ್ಣಾ" ಎಂದರು. ಅರ್ಧ ನಿಮಿಷವಾಗಿರಬಹುದು. ತಿರುಗುತ್ತಿದ್ದ ಮನೆ ತಾನಾಗಿಯೇ ನಿಂತಿತು. ಎದ್ದು ಕೂತರೆ ಮತ್ತೆ ಅದೇ. ಅಡುಗೆಮನೆಯ ಮೇಲಿನ ಗೂಡಿನಿಂದ ಕಾಫಿಪುಡಿ ಡಬ್ಬ ತೆಗೆಯಲು ಕತ್ತೆತ್ತಿದರೆ ಮತ್ತೆ ಅದೇ. ಸುಮ್ಮನೆ ನೆಟ್ಟಗೆ ಕೂತಿದ್ದರೆ ಮಾತ್ರ ಏನೂ ಇಲ್ಲ.

ಹಾಸನದ ಆ ಮನೆಯಲ್ಲಿ ಅವತ್ತು ಒಬ್ಬೊಬ್ಬರದು ಒಂದೊಂದು ತೀರ್ಪು. ಪಿತ್ತ ಕೆರಳಿದೆ, ಒಂದು ನಿಂಬೆಹಣ್ಣು ಹಿಂಡಿ ಕುಡಿಯಲಿ ಎಂದು ಒಬ್ಬರು. ಬಿಪಿ ಇರಬೇಕು ಎಂದು ಇನ್ನೊಬ್ಬರು. ಕತ್ತಿನ ಮೂಳೆ ಸವೆದಿದೆ, ದಿಂಬು ತೆಗೆಯಿರಿ ಎಂದು ಪಕ್ಕದ ಮನೆಯವರು. ಬಿಪಿ ನೋಡಿದರೆ ಸರಿಯಾಗಿದೆ, ಶುಗರ್ ನೋಡಿದರೆ ಸರಿಯಾಗಿದೆ. ತಲೆಸುತ್ತಿನ ಮಾತ್ರೆ ನುಂಗಿ ಒಂದು ವಾರ ತೂಕಡಿಸಿದ್ದೇ ಬಂತು, ಬೆಳಗಾದರೆ ಮನೆ ತಿರುಗುವುದು ನಿಲ್ಲಲಿಲ್ಲ. ಒಂಬತ್ತನೇ ದಿನ ನಾನೇ ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅಲ್ಲಿ ಆ ಹೊತ್ತು ನಾನು ಕಂಡದ್ದನ್ನು ಈ ಜನ್ಮದಲ್ಲಿ ಮರೆಯಲಾರೆ.

ಡಾಕ್ಟರು ದೊಡ್ಡಮ್ಮನನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿದರು. ಮುಖವನ್ನು ಬಲಕ್ಕೆ ಅರ್ಧ ತಿರುಗಿಸಿ, "ಅಮ್ಮಾ, ಏನೇ ಆದರೂ ಕಣ್ಣು ಮಾತ್ರ ಮುಚ್ಚಬೇಡಿ. ನಾನು ಹಿಡಿದುಕೊಂಡಿದ್ದೀನಿ" ಎಂದು ಹೇಳಿ, ತಲೆ ಮಂಚದ ಅಂಚಿನಿಂದ ತುಸು ಕೆಳಗೆ ಇಳಿಬೀಳುವಂತೆ ಸರಕ್ಕನೆ ಹಿಂದಕ್ಕೆ ಮಲಗಿಸಿದರು. ಒಂದು, ಎರಡು, ಮೂರು, ನಾಲ್ಕು... ಏನೂ ಇಲ್ಲ. ಐದು ಎಣಿಸುವಷ್ಟರಲ್ಲಿ ಆ ಎರಡು ಕಣ್ಣುಗಳು ಕುಣಿಯತೊಡಗಿದವು! ಮೇಲಕ್ಕೆ ಚಿಮ್ಮಿ ಚಿಮ್ಮಿ, ಜೊತೆಗೇ ಗಡಿಯಾರದ ಕೀಲಿ ತಿರುಗಿಸಿದ ಹಾಗೆ ತಮ್ಮ ಗುಂಡಿಯಲ್ಲೇ ತಿರುಚಿಕೊಳ್ಳುತ್ತಾ, ಯಾರೋ ಒಳಗಿನಿಂದ ದಾರ ಕಟ್ಟಿ ಎಳೆಯುತ್ತಿರುವಂತೆ. ದೊಡ್ಡಮ್ಮ ನನ್ನ ಮುಂಗೈಯನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದರು. ಇಪ್ಪತ್ತು ಸೆಕೆಂಡು ಕಳೆಯುವಷ್ಟರಲ್ಲಿ ಕುಣಿತ ನಿಧಾನವಾಯಿತು, ನಿಂತೂ ಹೋಯಿತು.

"ಬಲಗಿವಿಯ ಒಳಗೆ ಕಲ್ಲು ಜಾರಿದೆ" ಎಂದರು ಡಾಕ್ಟರು. "ವಯಸ್ಸೆಷ್ಟು?"

"ಐವತ್ತೆಂಟು."

"ಬರೋ ವಯಸ್ಸಿಗೇ ಬಂದಿದೆ."

ಕಿಡ್ನಿಯಲ್ಲಿ ಕಲ್ಲು ಕೇಳಿದ್ದೆ. ಪಿತ್ತಕೋಶದಲ್ಲಿ ಕಲ್ಲು ಕೇಳಿದ್ದೆ. ಕಿವಿಯಲ್ಲಿ ಕಲ್ಲು? ಅದು ಜಾರುವುದು? ಜಾರುವುದಕ್ಕೂ ಒಂದು ವಯಸ್ಸು? ಅಂದಿನಿಂದ ತಿಂಗಳುಗಟ್ಟಲೆ ನಾನು ಓದಿದ್ದೇ ಓದಿದ್ದು. ಓದಿದಷ್ಟೂ ಬೆರಗು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಕೇಳಿ. ಈ ಸಾಲು ಓದುತ್ತಿರುವ ನಿಮ್ಮ ಎರಡೂ ಕಿವಿಗಳ ಒಳಗೆ, ತಲೆಬುರುಡೆಯ ಅತಿ ಗಟ್ಟಿಯಾದ ಮೂಳೆಯ ಗುಹೆಯಲ್ಲಿ, ಸಾವಿರಾರು ಪುಟ್ಟ ಹರಳುಗಳಿವೆ. ಒಂದೊಂದೂ ಸುಮಾರು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು. ಅವು ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು. ಅಂದರೆ ಸುಣ್ಣಕಲ್ಲು! ವೀಳ್ಯದೆಲೆಗೆ ಸವರುವ ಸುಣ್ಣವನ್ನು ಯಾವ ಕಲ್ಲಿನಿಂದ, ಯಾವ ಚಿಪ್ಪಿನಿಂದ ಸುಡುತ್ತಾರೋ ಅದೇ ಪದಾರ್ಥ. ಕೋಳಿಮೊಟ್ಟೆಯ ಓಡೂ ಅದೇ. ಮೈಕ್ರೊಸ್ಕೋಪಿನಲ್ಲಿ ಅವುಗಳ ಚಿತ್ರ ನೋಡಿದರೆ ಕಣ್ಣು ತುಂಬಿಬರುತ್ತದೆ. ಹೊಟ್ಟೆ ಉಬ್ಬಿದ ಪುಟ್ಟ ಪೀಪಾಯಿಯ ಎರಡು ತುದಿಯನ್ನೂ ಮೂರು ಮೂರು ಮಟ್ಟಸ ಮುಖಗಳಾಗಿ ಕಡೆದು ಚೂಪು ಮಾಡಿದಂಥ ಆಕಾರ. ಅಕ್ಕಸಾಲಿಗ ಕೂಡ ಹಾಗೆ ಸಾಣೆ ಹಿಡಿಯಲಾರ. ಇವುಗಳಿಗೆ ವೈದ್ಯರು ಇಟ್ಟ ಹೆಸರು ಒಟೊಕೋನಿಯಾ. ಗ್ರೀಕ್ ಮಾತಿನಲ್ಲಿ ಹಾಗೆಂದರೆ ಕಿವಿಯ ಧೂಳು.

ಅವು ಹುಟ್ಟುವುದು ಯಾವಾಗ ಗೊತ್ತೇ? ನಾವಿನ್ನೂ ತಾಯಿಯ ಹೊಟ್ಟೆಯಲ್ಲಿರುವಾಗ. ಕಣ್ಣು ಬೆಳಕು ಕಾಣುವ ಮೊದಲೇ, ಉಸಿರು ಒಳಗೆ ಹೋಗುವ ಮೊದಲೇ, ನೆಲ ಯಾವುದು ಆಕಾಶ ಯಾವುದು ಎಂದು ತಿಳಿಸುವ ಕಲ್ಲುಗಳನ್ನು ತಾಯಿಯ ಮೈಯ ಸುಣ್ಣದಿಂದಲೇ ತೆಗೆದು ನಮ್ಮ ಕಿವಿಯಲ್ಲಿ ಹರಡಲಾಗಿರುತ್ತದೆ. ಹುಟ್ಟಿದ ಮೇಲೆ ಹೊಸ ದಾಸ್ತಾನು ಅಷ್ಟಾಗಿ ಬರುವುದಿಲ್ಲ. ಹೆಚ್ಚುಕಡಿಮೆ ಅಂದು ಕೊಟ್ಟ ಕಲ್ಲಿನಲ್ಲೇ ಜೀವಮಾನವಿಡೀ ನಡೆಯಬೇಕು, ಓಡಬೇಕು, ಮರ ಹತ್ತಬೇಕು.

ಕೆಲಸ ಮಾಡುವ ಬಗೆ ಸರಳ. ಮನೆ ಕಟ್ಟುವ ಮೇಸ್ತ್ರಿಯ ಚೀಲದಲ್ಲಿ ಎರಡು ಸಾಮಾನು ಇದ್ದೇ ಇರುತ್ತವೆ, ಒಂದು ತೂಗುಗುಂಡು, ಇನ್ನೊಂದು ರಸಮಟ್ಟ. ಒಂದಕ್ಕೆ ಭಾರವಾದ ಗುಂಡು ಬೇಕು, ಇನ್ನೊಂದಕ್ಕೆ ನಾಳದಲ್ಲಿ ತುಂಬಿದ ದ್ರವ ಬೇಕು. ಒಳಗಿವಿಯಲ್ಲಿ ಎರಡೂ ಇವೆ! ಯುಟ್ರಿಕಲ್, ಸ್ಯಾಕ್ಯೂಲ್ ಎಂಬ ಎರಡು ಪುಟ್ಟ ಚೀಲಗಳಲ್ಲಿ ಅಂಟಂಟಾದ ಹಾಸು, ಆ ಹಾಸಿನ ಮೇಲೆ ನಮ್ಮ ಸುಣ್ಣದ ಹರಳುಗಳು, ಹಾಸಿನ ಕೆಳಗೆ ಕೂದಲಿನಂಥ ಎಳೆಗಳಿರುವ ಕೋಶಗಳು. ತಲೆ ಬಾಗಿಸಿದರೆ ಕಲ್ಲಿನ ಭಾರಕ್ಕೆ ಹಾಸು ಜಾರುತ್ತದೆ, ಎಳೆಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಬಸ್ಸು ಮುಂದೆ ನುಗ್ಗಿದರೂ ಲಿಫ್ಟು ಕೆಳಗಿಳಿದರೂ ಕಲ್ಲು ಹಿಂದೆ ಉಳಿದು ಅದೇ ಸುದ್ದಿ ಕೊಡುತ್ತದೆ. ಇದು ತೂಗುಗುಂಡು. ಅದರ ಪಕ್ಕದಲ್ಲೇ ಒಂದಕ್ಕೊಂದು ಅಡ್ಡಡ್ಡವಾಗಿ ಕೂರಿಸಿದ, ಕಡಗದಂತೆ ಬಾಗಿದ ಮೂರು ನಾಳಗಳು. ಒಳಗೆ ದ್ರವ. ತಲೆ ತಿರುಗಿಸಿದರೆ ದ್ರವ ಹಿಂದೆ ಉಳಿಯುತ್ತದೆ, ನಾಳದ ಬಾಗಿಲಲ್ಲಿರುವ ಮೆದು ಪರದೆ ಬಾಗುತ್ತದೆ. ಇದು ರಸಮಟ್ಟ. ಇಷ್ಟೆಲ್ಲ ಹಿಡಿಸಿರುವ ಜಾಗ ಒಂದು ಹುಣಸೆಬೀಜದಷ್ಟು.

ನಂಬಿಕೆ ಬರಲಿಲ್ಲವೇ? ಈ ಪುಟವನ್ನು ಕೈಯಲ್ಲಿ ಹಿಡಿದು ಎಡಬಲಕ್ಕೆ ವೇಗವಾಗಿ ಅಲ್ಲಾಡಿಸಿ ಓದಲು ನೋಡಿ. ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಈಗ ಪುಟವನ್ನು ಅಲುಗಾಡದಂತೆ ಹಿಡಿದು, ಅಷ್ಟೇ ವೇಗದಲ್ಲಿ "ಇಲ್ಲ, ಇಲ್ಲ" ಎನ್ನುವ ಹಾಗೆ ತಲೆಯಾಡಿಸುತ್ತಾ ಓದಿ. ಓದಲು ಬರುತ್ತದೆ! ತಲೆ ಎಷ್ಟು ಬಲಕ್ಕೆ ಹೋಯಿತೋ ಕಣ್ಣು ಅಷ್ಟೇ ಎಡಕ್ಕೆ ಸರಿಯುತ್ತಿದೆ. ಸರಿಸುತ್ತಿರುವುದು ಆ ಮೂರು ನಾಳಗಳು, ಅದೂ ಒಂದು ಸೆಕೆಂಡಿನ ನೂರನೇ ಒಂದು ಭಾಗದೊಳಗೆ. ನೋಡಿ ತಿಳಿದು ಸರಿಸುವಷ್ಟು ಸಮಯ ಕಣ್ಣಿಗೂ ಇಲ್ಲ, ಮಿದುಳಿಗೂ ಇಲ್ಲ. ಕಿವಿ ಹೇಳಿದ್ದನ್ನು ಕಣ್ಣು ಕಣ್ಣುಮುಚ್ಚಿ ನಂಬುತ್ತದೆ. ದೊಡ್ಡಮ್ಮನ ಕಣ್ಣು ಕುಣಿದದ್ದೂ ಇದೇ ನಂಬಿಕೆಯಿಂದ.

ಕಲ್ಲಿನ ಮೇಲೆ ಇಂಥ ನಂಬಿಕೆ ಇಟ್ಟವರು ನಾವು ಮಾತ್ರ ಅಲ್ಲ. ಸಿಗಡಿಯ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿಗಡಿಗೂ ಸಮತೋಲದ ಕಲ್ಲಿದೆ, ಆದರೆ ಅದನ್ನು ಮೈಯಲ್ಲಿ ತಯಾರಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಪೊರೆ ಕಳಚಿದಾಗಲೆಲ್ಲ ಹಳೆಯ ಕಲ್ಲೂ ಪೊರೆಯೊಂದಿಗೇ ಹೋಗುತ್ತದೆ. ಆಗ ಅದು ತಳದಿಂದ ಮರಳಿನ ಕಣ ಎತ್ತಿ ತಾನೇ ತನ್ನ ಸಮತೋಲದ ಗೂಡಿಗೆ ತುಂಬಿಕೊಳ್ಳುತ್ತದೆ! 1893ರಲ್ಲಿ ವಿಯೆನ್ನಾದ ಅಲೋಯಿಸ್ ಕ್ರೈಡ್ಲ್ ಎಂಬ ವಿಜ್ಞಾನಿ ಸಿಗಡಿಗಳ ತೊಟ್ಟಿಯಲ್ಲಿ ಮರಳಿನ ಬದಲು ಕಬ್ಬಿಣದ ಪುಡಿ ಹಾಕಿದರು. ಪೊರೆ ಬಿಟ್ಟ ಸಿಗಡಿಗಳು ಕಬ್ಬಿಣವನ್ನೇ ತುಂಬಿಕೊಂಡವು. ಆಮೇಲೆ ಕ್ರೈಡ್ಲ್ ಒಂದು ಅಯಸ್ಕಾಂತವನ್ನು ಮೇಲಿನಿಂದ ತಂದರು. ಸಿಗಡಿ ಮಗುಚಿಕೊಂಡಿತು, ಹೊಟ್ಟೆ ಮೇಲಾಗಿ ಈಜತೊಡಗಿತು. ಕಬ್ಬಿಣ ಮೇಲಕ್ಕೆ ಎಳೆಯುತ್ತಿದೆ, ಅಂದಮೇಲೆ ಭೂಮಿ ಮೇಲಿದೆ! ಕಲ್ಲು ಹೇಳಿದ ಮೇಲೆ ಮುಗಿಯಿತು, ಕಡಲೂ ಆಕಾಶವೂ ಅದಲುಬದಲಾಗಬೇಕು.

ಈಗ ವಯಸ್ಸಿನ ಮಾತಿಗೆ ಬರೋಣ. ಡಾಕ್ಟರ ಬಾಯಲ್ಲಿ ಬಂದ "ಬರೋ ವಯಸ್ಸು" ಎಂಬ ಮಾತು ನನ್ನನ್ನು ಕಾಡಿತ್ತಲ್ಲ, ಅದಕ್ಕೆ ಉತ್ತರ ಸಿಕ್ಕಿದ್ದು ಜರ್ಮನಿಯಲ್ಲಿ ಸಾಮಾನ್ಯ ಜನರ ನಡುವೆ ನಡೆದು 2007ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ. ಈ ಕಾಯಿಲೆಯ ಹೆಸರು ಉದ್ದ, ಬಿನೈನ್ ಪ್ಯಾರಾಕ್ಸಿಸ್ಮಲ್ ಪೊಸಿಶನಲ್ ವರ್ಟೈಗೋ. ಡಾಕ್ಟರುಗಳು ಬಿಪಿಪಿವಿ ಎನ್ನುತ್ತಾರೆ. ಮೊದಲ ಸಲ ತಲೆ ತಿರುಗಿದ ಸರಾಸರಿ ವಯಸ್ಸು 49. ಹದಿನೆಂಟರಿಂದ ಮೂವತ್ತೊಂಬತ್ತರೊಳಗಿನವರಿಗಿಂತ ಅರವತ್ತು ದಾಟಿದವರಲ್ಲಿ ಇದು ಸುಮಾರು 7 ಪಟ್ಟು ಹೆಚ್ಚು. ಗಂಡಸರಲ್ಲಿ ಒಬ್ಬರಿಗೆ ಬಂದರೆ ಹೆಂಗಸರಲ್ಲಿ ಇಬ್ಬರಿಗೆ. ಎಂಬತ್ತು ಮುಟ್ಟುವಷ್ಟರಲ್ಲಿ ಹತ್ತರಲ್ಲಿ ಒಬ್ಬರು ಇದನ್ನು ಕಂಡಿರುತ್ತಾರೆ. ಮಕ್ಕಳಲ್ಲಿ ತೀರ ಅಪರೂಪ. ಹರೆಯದವರಲ್ಲಿ ಕಾಣಿಸಿಕೊಂಡರೆ ಹಿಂದೆ ತಲೆಗೆ ಪೆಟ್ಟುಬಿದ್ದಿತ್ತೇ ಎಂದು ಡಾಕ್ಟರು ಮೊದಲು ಕೇಳುತ್ತಾರೆ, ಬೈಕಿನಿಂದ ಬಿದ್ದ ಏಟಿಗೂ ಕಲ್ಲು ಜಾರಬಹುದು. ಏಟೂ ಇಲ್ಲ, ಜ್ವರವೂ ಇಲ್ಲ, ಸುಮ್ಮನೆ ಒಂದು ಬೆಳಗ್ಗೆ ಎದ್ದಾಗ ಬಂತು ಎನ್ನುವವರು ಬಹುಮಟ್ಟಿಗೆ ಐವತ್ತು ಅರವತ್ತರ ಆಸುಪಾಸಿನವರು.

ಏಕೆ ಐವತ್ತು? ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಡಿ ಎಳೆಯ ಕಿವಿಯ ಹರಳನ್ನೂ ಮುದಿ ಕಿವಿಯ ಹರಳನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಕಂಡದ್ದೇ ಉತ್ತರ. ಎಳೆಯದು ನುಣುಪು, ಅಂಚು ಚೂಪು. ವಯಸ್ಸಾದದ್ದು ಗುಳಿಬಿದ್ದಿದೆ, ಬಿರುಕು ಬಿಟ್ಟಿದೆ, ಮಳೆಗಾಳಿಗೆ ನೂರಾರು ವರ್ಷ ಮೈಯೊಡ್ಡಿದ ದೇವಸ್ಥಾನದ ಕಲ್ಲುಕಂಬದ ಹಾಗೆ. ಹರಳನ್ನು ಹರಳಿಗೆ, ಹರಳನ್ನು ಹಾಸಿಗೆ ಬಿಗಿದಿದ್ದ ನವಿರಾದ ನಾರುಗಳೂ ಸಡಿಲವಾಗಿವೆ. ಐವತ್ತು ವರ್ಷ! ಲಕ್ಷಾಂತರ ಸಲ ತಲೆಬಾಗಿದ, ತಲೆಯೆತ್ತಿದ, ಹೊರಳಿದ ಲೆಕ್ಕವೆಲ್ಲ ಆ ನಾರುಗಳ ಮೇಲಿದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆಯ ಸುಣ್ಣ ಇಳಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮೂಳೆ ಸವೆದವರಲ್ಲಿ, ಡಿ ವಿಟಮಿನ್ ಕಡಿಮೆಯಿರುವವರಲ್ಲಿ ಈ ತಲೆಸುತ್ತು ಹೆಚ್ಚು ಕಾಣುತ್ತದೆ. ಮಂಡಿ ನೋವೆನ್ನುವ ವಯಸ್ಸಿಗೇ ಕಿವಿಯ ಕಲ್ಲೂ ಸಡಿಲಗೊಳ್ಳುವುದು ಕಾಕತಾಳೀಯವಲ್ಲ ಎಂದು ಕಾಣುತ್ತದೆ. ಕೊರಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಡಿ ವಿಟಮಿನ್ ಕಡಿಮೆಯಿದ್ದವರಿಗೆ ಅದನ್ನೂ ಕ್ಯಾಲ್ಸಿಯಮ್ಮನ್ನೂ ಕೊಟ್ಟಾಗ ತಲೆಸುತ್ತು ಮರುಕಳಿಸುವುದು ಸುಮಾರು ಕಾಲು ಭಾಗದಷ್ಟು ಇಳಿಯಿತು.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಮೀನಿನ ಕಿವಿಯಲ್ಲೂ ಸುಣ್ಣದ ಕಲ್ಲಿದೆ, ನಮ್ಮಂತೆ ಧೂಳಲ್ಲ, ಕೈಗೆ ಸಿಗುವಷ್ಟು ದೊಡ್ಡದು. ಅದು ಮೀನಿನೊಡನೆ ಬೆಳೆಯುತ್ತಾ ಹೋಗುತ್ತದೆ, ಪದರದ ಮೇಲೆ ಪದರ. ಮೀನುಗಾರಿಕೆಯ ವಿಜ್ಞಾನಿಗಳು ಆ ಕಲ್ಲನ್ನು ತೆಳ್ಳಗೆ ಸೀಳಿ, ಮರದ ಕಾಂಡದಲ್ಲಿ ಎಣಿಸುವ ಹಾಗೆ ಉಂಗುರ ಎಣಿಸಿ ಮೀನಿನ ವಯಸ್ಸು ಹೇಳುತ್ತಾರೆ. ಮರಿಮೀನಾದರೆ ದಿನಕ್ಕೊಂದು ಗೆರೆ! ಮೀನು ತನ್ನ ವಯಸ್ಸನ್ನು ಕಿವಿಯಲ್ಲಿ ಕೂಡಿಡುತ್ತಾ ಹೋಗುತ್ತದೆ, ನಾವು ಕಳೆಯುತ್ತಾ ಬರುತ್ತೇವೆ.

ಜಾರಿದ ಹರಳು ಎಲ್ಲಿ ಹೋಗುತ್ತದೆ? ಹಾಸಿನಲ್ಲೇ ಬಿದ್ದಿದ್ದರೆ ತೊಂದರೆಯಿರಲಿಲ್ಲ. ರಾತ್ರಿ ಅಂಗಾತ ಮಲಗಿರುವಾಗ ಮೂರು ನಾಳಗಳಲ್ಲಿ ಹಿಂದಿನದರ ಬಾಯಿ ಯುಟ್ರಿಕಲ್ಲಿನ ಕೆಳಗೆ ಬರುತ್ತದೆ. ಹರಳಿನ ಪುಡಿ ಅದರೊಳಗೆ ಇಳಿಯುತ್ತದೆ. ಒಳಸೇರಿದ್ದು ಬೆಳಗ್ಗೆ ಎದ್ದು ನಿಂತರೆ ನಾಳದ ತಳದಲ್ಲಿ ಕೂತುಬಿಡುತ್ತದೆ. ಆಮೇಲೆ ಹೊರಳಿದಾಗಲೆಲ್ಲ ಪುಡಿ ಉರುಳುತ್ತದೆ, ಉರುಳುವಾಗ ದ್ರವವನ್ನು ಎಳೆಯುತ್ತದೆ, ಪರದೆ ಬಾಗುತ್ತದೆ. ತಲೆ ನಿಂತೇ ಇದೆ, ನಾಳ ಮಾತ್ರ "ತಿರುಗುತ್ತಿದ್ದೇವೆ, ತಿರುಗುತ್ತಿದ್ದೇವೆ" ಎಂದು ಕೂಗುತ್ತಿದೆ. ಕಣ್ಣು ನಂಬುತ್ತದೆ. ಐದು ಎಣಿಸುವಷ್ಟು ಹೊತ್ತು ದೊಡ್ಡಮ್ಮನ ಕಣ್ಣು ಸುಮ್ಮನಿದ್ದದ್ದು ಏಕೆಂದು ಈಗ ತಿಳಿಯಿತಲ್ಲವೇ? ಕಲ್ಲು ಬೀಳಲು ಅಷ್ಟು ಹೊತ್ತು ಬೇಕು. ಅರ್ಧ ನಿಮಿಷಕ್ಕೆ ನಿಂತದ್ದು ಏಕೆ? ಕಲ್ಲು ತಳ ಮುಟ್ಟಿತು. ಮೂಳೆಯ ಗುಹೆಯೊಳಗೆ, ಕಣ್ಣಿಗೆ ಕಾಣದ ಧೂಳು ಬೀಳುವುದನ್ನು ನಾನು ಅವರ ಕಣ್ಣಿನಲ್ಲಿ ನೋಡಿದೆ!

ಇಷ್ಟನ್ನು ಅರಿಯಲು ಮನುಷ್ಯನಿಗೆ ಎಷ್ಟು ಕಾಲ ಹಿಡಿಯಿತು ಗೊತ್ತೇ? 1861ರ ಜನವರಿ 8ರಂದು ಪ್ಯಾರಿಸ್ಸಿನ ವೈದ್ಯ ಅಕಾಡೆಮಿಯಲ್ಲಿ, ಕಿವುಡ ಮೂಗರ ಸಂಸ್ಥೆಯ ವೈದ್ಯರಾಗಿದ್ದ ಪ್ರೊಸ್ಪರ್ ಮೆನಿಯರ್ ಎದ್ದುನಿಂತು, ತಲೆಸುತ್ತಿನ ಮೂಲ ಮಿದುಳೊಂದೇ ಅಲ್ಲ, ಒಳಗಿವಿಯೂ ಆಗಿರಬಹುದು ಎಂದು ವಾದಿಸಿದರು. ಅಲ್ಲಿಯವರೆಗೆ ಅದು ಮಿದುಳಿಗೆ ರಕ್ತ ಏರಿದ್ದರ ಫಲವೆಂದು ರೋಗಿಯ ರಕ್ತ ತೆಗೆಯುತ್ತಿದ್ದರು, ಜಿಗಣೆ ಹಚ್ಚುತ್ತಿದ್ದರು. ಮೆನಿಯರ್ ಮರುವರ್ಷವೇ ತೀರಿಕೊಂಡರು.

ಆಮೇಲೆ ವಿಯೆನ್ನಾದ ರಾಬರ್ಟ್ ಬಾರಾನಿ. ಕಿವಿ ತೊಳೆಯಲು ನೀರು ಹಾಯಿಸುವಾಗ ರೋಗಿಗಳಿಗೆ ತಲೆ ತಿರುಗುವುದನ್ನೂ ಕಣ್ಣು ಕುಣಿಯುವುದನ್ನೂ ಅವರು ಗಮನಿಸಿದರು. ತಣ್ಣೀರು ಹಾಕಿದರೆ ಕಣ್ಣು ಒಂದು ದಿಕ್ಕಿಗೆ, ಬಿಸಿನೀರು ಹಾಕಿದರೆ ಎದುರು ದಿಕ್ಕಿಗೆ! ನೀರು ಕಾಯಿಸುವ ಹಂಡೆಯಲ್ಲಿ ಮೇಲಿನ ನೀರು ಬಿಸಿ, ತಳದ ನೀರು ತಣ್ಣಗಿರುವುದು ಅವರಿಗೆ ಹೊಳೆಯಿತು. ಒಳಗಿವಿಯೂ ಒಂದು ಹಂಡೆ, ಕಾದ ದ್ರವ ಏರುತ್ತದೆ, ತಣಿದದ್ದು ಇಳಿಯುತ್ತದೆ. ಈ ಸಾಲಿನ ಕೆಲಸಕ್ಕೆ 1914ರ ನೊಬೆಲ್ ಬಹುಮಾನ ಬಂತು. ಬಂದಾಗ ಅವರು ಮಹಾಯುದ್ಧದಲ್ಲಿ ರಷ್ಯನ್ನರ ಕೈಗೆ ಸಿಕ್ಕ ಯುದ್ಧಕೈದಿ. ಸ್ವೀಡನ್ನಿನ ರಾಜಕುಮಾರ ಕಾರ್ಲ್ ನಡುವೆ ಬಂದು ಬಿಡಿಸಿದ ಮೇಲೆ 1916ರಲ್ಲಿ ಅದನ್ನು ಪಡೆದರು. ಮುಂದೆ ಉಪ್ಸಾಲದಲ್ಲಿ ನೆಲೆಸಿದ ಬಾರಾನಿಯವರೇ 1921ರಲ್ಲಿ, ಮಗ್ಗುಲಾದರೆ ಮಾತ್ರ ತಲೆ ತಿರುಗುವ ಒಬ್ಬ ಹೆಂಗಸಿನ ಬಗ್ಗೆ ಬರೆದು, ದೋಷ ಕಿವಿಗಲ್ಲಿನ ಚೀಲದಲ್ಲಿದೆ ಎಂದು ಊಹಿಸಿದರು. ಆಕೆಗೆ ಇನ್ನೂ 27! ಐವತ್ತೆಂಬುದು ಹೆಚ್ಚಿನವರ ಲೆಕ್ಕ, ಎಲ್ಲರ ಹಣೆಬರಹವಲ್ಲ.

ದೊಡ್ಡಮ್ಮನನ್ನು ಮಲಗಿಸಿ ಮಾಡಿದ ಆ ಪರೀಕ್ಷೆಗೆ ಎರಡು ಹೆಸರು ಅಂಟಿಕೊಂಡಿವೆ, ಡಿಕ್ಸ್ ಮತ್ತು ಹಾಲ್‌ಪೈಕ್. 1952ರಲ್ಲಿ ಲಂಡನ್ನಿನಿಂದ ಅವರು ಅದನ್ನು ಪ್ರಕಟಿಸಿದರು. ಮಾರ್ಗರೆಟ್ ಡಿಕ್ಸ್ ಕಿವಿ ಶಸ್ತ್ರಚಿಕಿತ್ಸಕಿಯಾಗಬೇಕೆಂದಿದ್ದ ವೈದ್ಯೆ. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಮುಖಕ್ಕೂ ಕಣ್ಣಿಗೂ ಪೆಟ್ಟುಬಿದ್ದು ಆ ದಾರಿ ಮುಚ್ಚಿತು. ತನ್ನ ಕಣ್ಣಿಗೇ ಗಾಯವಾಗಿದ್ದ ಆಕೆ ಮುಂದೆ ರೋಗಿಗಳ ಕಣ್ಣನ್ನು ನೋಡಿ ನೋಡಿಯೇ ಜಗತ್ತಿಗೆ ಈ ಪರೀಕ್ಷೆ ಕೊಟ್ಟರು. ಇಂದಿಗೂ ಇದಕ್ಕೆ ಸ್ಕ್ಯಾನು ಬೇಡ, ಯಂತ್ರ ಬೇಡ. ಒಂದು ಮಂಚ, ಎರಡು ಕೈ, ನೋಡುವ ಕಣ್ಣು.

ಪರೀಕ್ಷೆ ಸಿಕ್ಕಿತು, ಚಿಕಿತ್ಸೆ ಸಿಗಲಿಲ್ಲ. ಅಮೆರಿಕದ ಹೆರಾಲ್ಡ್ ಶೂಕ್ನೆಕ್ಟ್ ಸತ್ತವರ ಕಿವಿಯ ಮೂಳೆ ಸೀಳಿ ನೋಡಿ, ನಾಳದ ಪರದೆಗೆ ಏನೋ ಅಂಟಿಕೊಂಡದ್ದನ್ನು ಕಂಡರು, 1969ರಲ್ಲಿ ಅದಕ್ಕೊಂದು ಹೆಸರೂ ಕೊಟ್ಟರು. ಆದರೂ ರೋಗಿಗೆ ಸಿಗುತ್ತಿದ್ದುದು ಮಾತ್ರೆ, ಮತ್ತು ತಾನಾಗಿ ಹೋಗುತ್ತದೆ ಎಂಬ ಸಮಾಧಾನ. ತೀರ ಕಷ್ಟವಾದರೆ ನರವನ್ನೇ ಕತ್ತರಿಸುವ ಶಸ್ತ್ರಚಿಕಿತ್ಸೆ.

ಆಗ ಬಂದವರು ಅಮೆರಿಕದ ಪೋರ್ಟ್‌ಲೆಂಡಿನ ಜಾನ್ ಎಪ್ಲಿ. ಅವರ ತರ್ಕ ಎಷ್ಟು ಸರಳವೆಂದರೆ, ಕೇಳಿದ ಮೇಲೆ ಇಷ್ಟು ದಿನ ಯಾರಿಗೂ ಏಕೆ ಹೊಳೆಯಲಿಲ್ಲ ಎನಿಸುತ್ತದೆ. ಕಲ್ಲು ತಲೆ ಹೊರಳಿಸಿದ್ದರಿಂದ ನಾಳದೊಳಗೆ ಹೋಯಿತು. ಹಾಗಾದರೆ ತಲೆಯನ್ನು ಸರಿಯಾದ ಕ್ರಮದಲ್ಲಿ ಹೊರಳಿಸಿ ಅದನ್ನು ಹೊರಗೆ ತರಲೂ ಬರಬೇಕಲ್ಲ! ಜಾತ್ರೆಯಲ್ಲಿ ಕೊಂಡ ಗಾಜಿನ ಡಬ್ಬಿಯ ಆಟಿಕೆಯಲ್ಲಿ ಗುಂಡನ್ನು ಓರೆ ಮಾಡಿ ಮಾಡಿ ಗುಳಿಗೆ ಕೂರಿಸುತ್ತಿದ್ದೆವಲ್ಲ, ಹಾಗೆ. ಎಪ್ಲಿ ಪೈಪಿನ ತುಂಡುಗಳಿಂದ ನಾಳಗಳ ಮಾದರಿ ಕಟ್ಟಿ, ಅದನ್ನು ಹಿಡಿದು ತಿರುಗಿಸಿ, ಯಾವ ಓರೆಗೆ ಕಣ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿದರು. 1980ರಲ್ಲಿ ತಜ್ಞರ ಸಭೆಯಲ್ಲಿ ಇದನ್ನು ಮಂಡಿಸಿದಾಗ ನಂಬಿದವರು ಕಡಿಮೆ. ತಲೆ ಉರುಳಿಸಿ ರೋಗ ಗುಣಪಡಿಸುವುದೆಂದರೆ? ಪ್ರಬಂಧ ಅಚ್ಚಾಗಲು ಹನ್ನೆರಡು ವರ್ಷ ಹಿಡಿಯಿತು, 1992. ಅದೇ ವರ್ಷ ಕೆನಡಾದ ಪಾರ್ನೆಸ್ ಮತ್ತು ಮೆಕ್ಲೂರ್ ಎಂಬ ಇಬ್ಬರು ವೈದ್ಯರು, ಶಸ್ತ್ರಚಿಕಿತ್ಸೆಗೆಂದು ತೆರೆದ ಜೀವಂತ ಕಿವಿಯ ನಾಳದಲ್ಲಿ ತೇಲುತ್ತಿದ್ದ ಕಣಗಳನ್ನು ಕಣ್ಣಾರೆ ಕಂಡದ್ದಾಗಿ ವರದಿ ಮಾಡಿದರು. ಎಪ್ಲಿ ತರ್ಕದಿಂದ ಹಿಡಿದ ಕಳ್ಳ ಅಲ್ಲಿ ಕಣ್ಣೆದುರು ಸಿಕ್ಕಿಬಿದ್ದಿದ್ದ.

ದೊಡ್ಡಮ್ಮನಿಗೆ ಡಾಕ್ಟರು ಮಾಡಿದ್ದೂ ಅದೇ. ಬಲಕ್ಕೆ ತಿರುಗಿ ತಲೆ ಇಳಿಬಿಟ್ಟು ಮಲಗಿದ್ದ ಅವರ ತಲೆಯನ್ನು, ಕುಣಿತ ನಿಂತ ಮೇಲೂ ಅರ್ಧ ನಿಮಿಷ ಹಾಗೇ ಹಿಡಿದರು. ಆಮೇಲೆ ನಿಧಾನವಾಗಿ ಎಡಕ್ಕೆ ತಿರುಗಿಸಿದರು, ಮತ್ತೆ ಕಾದರು. "ಈಗ ಎಡಮಗ್ಗುಲಿಗೆ ಹೊರಳಿ ಅಮ್ಮಾ, ಮೂಗು ನೆಲ ನೋಡಲಿ." ಮಗುವನ್ನು ಹೊರಳಿಸುವ ಹಾಗೆ ಭುಜ ಹಿಡಿದು ಹೊರಳಿಸಿದರು. ಮತ್ತೆ ಕಾದರು. ಗೋಡೆ ಗಡಿಯಾರದ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇಲ್ಲ. ಆ ಮೌನದಲ್ಲಿ, ಹುಣಸೆಬೀಜದಷ್ಟು ಜಾಗದಲ್ಲಿ, ಐವತ್ತೆಂಟು ವರ್ಷದ ಹಿಂದೆ ದೊಡ್ಡಮ್ಮನ ತಾಯಿ ಕೊಟ್ಟ ಸುಣ್ಣದ ಪುಡಿ ನಾಳದ ಬಾಗು ಹತ್ತಿ ಇಳಿದು ತನ್ನ ಮನೆಗೆ ಮರಳುತ್ತಿತ್ತು. ಕಾಲು ಕೆಳಗಿಳಿಸಿ ಕೂರಿಸಿದರು. ಒಟ್ಟು ಐದು ನಿಮಿಷವೂ ಆಗಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೊದಲಿನ ಹಾಗೆ ಮಲಗಿಸಿ ನೋಡಿದರು. ಐದು, ಹತ್ತು, ಇಪ್ಪತ್ತು ಎಣಿಸಿದೆ. ಕಣ್ಣುಗಳು ಕೊಳದ ನೀರಿನಂತೆ ನಿಂತಿದ್ದವು. ದೊಡ್ಡಮ್ಮ ತಾರಸಿಯನ್ನೇ ನೋಡುತ್ತಾ, "ತಿರುಗ್ತಾ ಇಲ್ಲ ಕಣೋ" ಎಂದರು. ಆ ದನಿಯಲ್ಲಿದ್ದ ಅಚ್ಚರಿಯೇ ನನ್ನನ್ನು ಇದನ್ನೆಲ್ಲ ಬರೆಯಲು ಕೂರಿಸಿದ್ದು.

ಹಿಂದಿನ ನಾಳದಲ್ಲಿ ಕಲ್ಲು ಸಿಕ್ಕಿಕೊಂಡ ಹೆಚ್ಚಿನವರಿಗೆ ಒಂದೆರಡು ಸಲ ಹೀಗೆ ಮಾಡಿದರೆ ಸಾಕಾಗುತ್ತದೆ. ಮರುಕಳಿಸುವುದುಂಟು, ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಮಂದಿಗೆ. ಮರುಕಳಿಸಿದರೆ ಮತ್ತೆ ಅದೇ ಐದು ನಿಮಿಷ. ಕಲ್ಲು ಬೇರೆ ನಾಳದಲ್ಲಿದ್ದರೆ ಉರುಳಿಸುವ ಕ್ರಮ ಬೇರೆ, ಆದ್ದರಿಂದ ಮೊಬೈಲಿನಲ್ಲಿ ನೋಡಿ ಮೊದಲ ಸಲವೇ ಮನೆಯಲ್ಲಿ ಮಾಡಿಕೊಳ್ಳುವುದು ಬೇಡ, ಕತ್ತಿನ ತೊಂದರೆ ಇರುವವರಂತೂ ಬೇಡವೇ ಬೇಡ.

ಒಳಗಿವಿಯ ಎಲ್ಲ ತಲೆಸುತ್ತೂ ಕಲ್ಲಿನದಲ್ಲ, ಎಲ್ಲದರ ವಯಸ್ಸೂ ಒಂದೇ ಅಲ್ಲ. ಮೆನಿಯರ್ ಹೆಸರಿನ ಕಾಯಿಲೆ ಹೆಚ್ಚಾಗಿ ನಲವತ್ತರಿಂದ ಅರವತ್ತರೊಳಗೆ ಶುರುವಾಗುತ್ತದೆ. ಅದರಲ್ಲಿ ತಲೆ ತಿರುಗುವುದು ಗಂಟೆಗಟ್ಟಲೆ, ಜೊತೆಗೆ ಕಿವಿಯಲ್ಲಿ ಗುಂಯ್‌ಗುಡುವ ಸದ್ದು, ಕಿವಿ ತುಂಬಿದಂತೆ, ಕೇಳಿಸುವುದು ಕಡಿಮೆಯಾದಂತೆ. ಅಮೆರಿಕದ ಮೊದಲ ಗಗನಯಾತ್ರಿ ಆಲನ್ ಶೆಪರ್ಡರಿಗೆ ಅದು ಬಂದದ್ದು ನಲವತ್ತರ ಹೊಸ್ತಿಲಲ್ಲಿ. ಹಾರಾಟ ನಿಂತಿತು. ಕೊನೆಗೆ ಬೇರೆ ಹೆಸರಿನಲ್ಲಿ ಗುಟ್ಟಾಗಿ ಆಸ್ಪತ್ರೆ ಸೇರಿ ಕಿವಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 1971ರಲ್ಲಿ, 47ನೇ ವಯಸ್ಸಿಗೆ, ಚಂದ್ರನ ಮೇಲೆ ನಡೆದರು!

ಜರ್ಮನಿಯ ಆ ಸಮೀಕ್ಷೆಯ ಇನ್ನೊಂದು ಅಂಕಿ ಹೇಳುತ್ತೇನೆ, ನನ್ನ ನಿದ್ದೆ ಕೆಡಿಸಿದ್ದು ಇದು. ಕಿವಿಗಲ್ಲಿನ ತಲೆಸುತ್ತು ಬಂದವರಲ್ಲಿ ಬಹುಪಾಲು ಮಂದಿ ಡಾಕ್ಟರ ಬಳಿ ಹೋಗಿದ್ದರು, ಇಲ್ಲವೇ ಕೆಲಸ ಬಿಟ್ಟು ಮಲಗಿದ್ದರು. ಸರಿಯಾದ ಚಿಕಿತ್ಸೆ ಸಿಕ್ಕಿದ್ದು ಅವರಲ್ಲಿ ನೂರಕ್ಕೆ 8 ಜನರಿಗೆ. ಅಷ್ಟು ವೈದ್ಯ ಸೌಕರ್ಯವಿರುವ ದೇಶದಲ್ಲಿ! ನಮ್ಮ ಮನೆಗಳಲ್ಲಿ ಪಿತ್ತವೆಂದು ನಿಂಬೆಹಣ್ಣು ಹಿಂಡಿಕೊಂಡು, ಬವಳಿ ಬರುತ್ತದೆಂದು ಹೊರಗೆ ಹೋಗುವುದನ್ನೇ ಬಿಟ್ಟ ಅಜ್ಜಿಯರು ಎಷ್ಟು ಜನ ಇರಬಹುದು? ಬಚ್ಚಲಲ್ಲಿ ತಲೆ ತಿರುಗಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರಲ್ಲಿ ಐದು ನಿಮಿಷದ ಉರುಳಿಕೆಯಿಂದ ಉಳಿಯಬಹುದಾಗಿದ್ದವರು ಎಷ್ಟು ಜನ?

ನಿಮ್ಮ ಮನೆಯಲ್ಲಿ ಐವತ್ತು ದಾಟಿದ ಯಾರಾದರೂ "ಮಗ್ಗುಲಾದರೆ ತಿರುಗುತ್ತೆ, ಸುಮ್ಮನೆ ಕೂತರೆ ಇರಲ್ಲ" ಎಂದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತಲೆಸುತ್ತಿನ ಜೊತೆ ಮಾತು ತೊದಲುತ್ತಿದ್ದರೆ, ಒಂದು ಕಡೆ ಕೈಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಎಂದೂ ಬಾರದಂಥ ತಲೆನೋವಿದ್ದರೆ, ನಿಲ್ಲಲೇ ಆಗದಿದ್ದರೆ ಅದು ಕಲ್ಲಲ್ಲ, ಆ ಗಳಿಗೆಯೇ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ. ಅದಾವುದೂ ಇಲ್ಲದಿದ್ದರೆ ಕಿವಿ ಡಾಕ್ಟರ ಬಳಿ ಹೋಗಿ, "ಒಮ್ಮೆ ಮಲಗಿಸಿ ಕಣ್ಣು ನೋಡ್ತೀರಾ ಡಾಕ್ಟ್ರೇ, ಕಲ್ಲು ಜಾರಿರಬಹುದಾ?" ಎಂದು ಕೇಳಿ.